ಎರಡು ಬೆರಳಿನ ಜಾಗ

ಯಂತ್ರ ಬಿಸಿಯಾದಷ್ಟೂ ಅವ್ವ ಮೃದುವಾಗಿ ಮಾತನಾಡುತ್ತಿದ್ದಳು. ಈ ಎರಡರ ನಂಟು ನನಗೆ ತಿಳಿಯಲು ನಾಲ್ಕು ವರ್ಷ ಬೇಕಾಯಿತು.

ಗುಳೇದಗುಡ್ಡದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಾಲಕ್ಕೆ ಅವ್ವನ ಮಗ್ಗವಿತ್ತು. ಈಗ ಅಲ್ಲಿ ಅವಳ ಮಂಚವಿದೆ. ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯನ್ನು ಸಿಮೆಂಟಿನಿಂದ ಮುಚ್ಚಿದ ಜಾಗದ ಮೇಲೆ ಒಂದು ಮೇಜು, ಮೇಜಿನ ಮೇಲೆ ಕಂಪ್ಯೂಟರ್ ಪೆಟ್ಟಿಗೆ, ಅದಕ್ಕೊಂದು ಸ್ಪೀಕರ್. ಮಿದುಳಿನಲ್ಲಿ ರಕ್ತನಾಳ ಒಡೆದು ಕೈಕಾಲು, ನಾಲಿಗೆ, ಕೊನೆಗೆ ಕಣ್ಣಿನ ರೆಪ್ಪೆಯೂ ಅವಳ ಮಾತು ಕೇಳುವುದನ್ನು ಬಿಟ್ಟ ಮೇಲೆ ಅವ್ವ ಮಾತನಾಡುವುದು ಆ ಪೆಟ್ಟಿಗೆಯಿಂದ. ರೆಪ್ಪೆ ತನ್ನಷ್ಟಕ್ಕೆ ತಾನು ಮುಚ್ಚಿ ತೆರೆಯುತ್ತದೆ. ಅವಳು ಬಯಸಿದಾಗ ಅಲ್ಲ. ಹೊಟ್ಟೆಗೆ ಹಾಕಿದ ನಳಿಕೆಯಿಂದ ಗಂಜಿ ಹೋಗುತ್ತದೆ. ಕಿವಿ ಮಾತ್ರ ಮೊದಲಿನಷ್ಟೇ ಚುರುಕು.

ಬಾಗಲಕೋಟೆಯ ಕೇಂದ್ರದವರು ಅವಳ ತಲೆಬುರುಡೆಯ ಕೆಳಗೆ ಅಂಚೆಚೀಟಿಯಷ್ಟು ಅಗಲದ ಜಾಲರಿಯೊಂದನ್ನು ಇಟ್ಟಿದ್ದಾರೆ. ಮಾತನಾಡಬೇಕೆಂದು ಮಿದುಳು ಹೊರಡಿಸುವ ಸಂಕೇತವನ್ನು ಜಾಲರಿ ಹಿಡಿಯುತ್ತದೆ, ಪೆಟ್ಟಿಗೆ ಅದನ್ನು ಬಿಡಿಸಿ ಮಾತಾಗಿಸುತ್ತದೆ. ಧ್ವನಿ ಅವ್ವನದೇ. ಹಳೆಯ ಮದುವೆಗಳ ವಿಡಿಯೋಗಳಿಂದ, ಅವಳು ಫೋನಿನಲ್ಲಿ ಕಳಿಸಿದ್ದ ಸಂದೇಶಗಳಿಂದ ಅದನ್ನು ಕಟ್ಟಿದರು. ಒಬ್ಬರ ಮಿದುಳಿನ ಸಂಕೇತ ಅವರ ಮನೆಯ ಗೋಡೆ ದಾಟಬಾರದು ಎಂದು ಕಾನೂನಿದೆ. ಹಾಗಾಗಿ ಕೇಂದ್ರದ ದೊಡ್ಡ ಯಂತ್ರಗಳು ಮಾಡಬಹುದಾದ ಕೆಲಸವನ್ನು ನಮ್ಮ ಮನೆಯ ಮೇಜಿನ ಮೇಲಿನ ಪೆಟ್ಟಿಗೆಯೊಂದೇ ಮಾಡಬೇಕು. ಅದು ಕಾದು ಬಿಸಿಯಾಗುತ್ತದೆ. ಸಾಲದ್ದಕ್ಕೆ ನಮ್ಮೂರು ಕಲ್ಲುಗುಡ್ಡಗಳ ನಡುವೆ ಕೂತಿದೆ. ಹಗಲು ಕುಡಿದ ಬಿಸಿಲನ್ನು ಗುಡ್ಡಗಳು ಸಂಜೆ ನಮ್ಮ ಮೇಲೆ ಉಗುಳುತ್ತವೆ. ಪಕ್ಕದ ಮನೆಗಳ ಪವರ್‌ಲೂಮಿನಿಂದ ಹಾರುವ ಹತ್ತಿಯ ಎಳೆ ಫ್ಯಾನಿನ ರೆಕ್ಕೆಗೆ ಕಂಬಳಿಯ ಹಾಗೆ ಮೆತ್ತಿಕೊಳ್ಳುತ್ತದೆ. ವಾರಕ್ಕೊಮ್ಮೆ ನಾನು ಅದನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕೀಳುತ್ತಿದ್ದೆ.

ಸಂಜೆ ಅಪ್ಪ ಮಂಚದ ಪಕ್ಕ ಬಂದು ಕೂರುತ್ತಿದ್ದ. "ನೀವು ಊಟ ಮಾಡಿದಿರಾ?" ಎಂದು ಪೆಟ್ಟಿಗೆ ಕೇಳುತ್ತಿತ್ತು. ತನಗೆ ಏನೂ ನೋವಿಲ್ಲ, ನೀವೆಲ್ಲ ಚೆನ್ನಾಗಿದ್ದರೆ ಅಷ್ಟೇ ಸಾಕು ಎನ್ನುತ್ತಿತ್ತು. ನಾನು ಹಾಸಿಗೆ ಬದಲಿಸುವಾಗ, ಬೆನ್ನಿನ ಹುಣ್ಣು ಒರೆಸುವಾಗ, "ಭುವನಾ, ನೀನು ಒಳ್ಳೆಯ ಮಗಳು" ಎನ್ನುತ್ತಿತ್ತು.

ಕೈಕಾಲು ಗಟ್ಟಿಯಿದ್ದಾಗ ಅವ್ವ ಯಾರೊಂದಿಗೂ ಹೀಗೆ ಮಾತನಾಡಿದವಳಲ್ಲ. ಹಲ್ಲಿನಿಂದ ನೂಲು ಕಡಿಯುವ ಹಾಗೆ ಮಾತು ಕಡಿಯುತ್ತಿದ್ದಳು. ನನ್ನನ್ನು ಹೊಗಳಿದ್ದು ನೆನಪಿಲ್ಲ. ಕೇಂದ್ರದವರನ್ನು ಕೇಳಿದಾಗ, ಭಾಷೆ ಪುಸ್ತಕದ್ದು, ಭಾವ ಅವರದೇ ಅಂದಿದ್ದರು. ಕಾಯಿಲೆ ಆಕೆಯನ್ನು ಮೆತ್ತಗೆ ಮಾಡಿತು ಎಂದು ಅಪ್ಪ ಓಣಿಯಲ್ಲಿ ಹೇಳಿಕೊಂಡು ತಿರುಗಿದ. ಬಿ.ಎಸ್ಸಿ. ಮುಗಿಸಿ ಮನೆಯಲ್ಲೇ ಉಳಿದವಳು ನಾನು. ದಿನಕ್ಕೊಮ್ಮೆ ಆ ಮಾತು ಕೇಳುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಆರು ತಿಂಗಳಿಗೊಮ್ಮೆ ಕೇಂದ್ರದಿಂದ ನದಾಫ್ ಮೇಡಂ ಬರುತ್ತಾರೆ. ಅವ್ವನ ಎದುರು ನಿಂತು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುತ್ತಾರೆ: ನಳಿಕೆಯ ಆಹಾರವನ್ನು ಮುಂದುವರಿಸಬಹುದೇ? ಹೌದು ಎಂದರೆ ಇನ್ನು ಆರು ತಿಂಗಳು. ಬೇಡ ಎಂದರೆ ನಿಲ್ಲಿಸಿ, ನೋವಾಗದ ಹಾಗೆ ನೋಡಿಕೊಳ್ಳುತ್ತಾರೆ, ಹತ್ತು ಹನ್ನೆರಡು ದಿನ. ಉತ್ತರವೇ ಬರದಿದ್ದರೂ ಬೇಡ ಎಂದೇ ಬರೆದುಕೊಳ್ಳುತ್ತಾರೆ. ಎಂಟು ಸಲ ಕೇಳಿದ್ದರು. ಎಂಟು ಸಲವೂ ಹೌದು.

ಒಂಬತ್ತನೆಯ ಸಲಕ್ಕೆ ಎರಡು ವಾರ ಇರುವಾಗ, ಏಪ್ರಿಲ್ ಕೊನೆಯಲ್ಲಿ, ಪೆಟ್ಟಿಗೆ ಒಂದೇ ದಿನ ಎರಡು ಸಲ ತಾನಾಗಿ ಬಂದ್ ಆಯಿತು. "ನನಗೆ ಏನೂ" ಎಂದು ಶುರುವಾದ ಮಾತು ಅಲ್ಲೇ ನಿಂತಿತು. ನೂರು ಡಿಗ್ರಿ ಮುಟ್ಟಿದರೆ ಅದು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಪ್ರಶ್ನೆ ಕೇಳುವ ದಿನ ಹೀಗಾದರೆ ಎಂದು ಅಪ್ಪ ಅಂಗಳಕ್ಕೂ ಕೋಣೆಗೂ ತಿರುಗಾಡಿದ. ಆಗ ನಾನು ಹುಬ್ಬಳ್ಳಿಯಿಂದ ನೀರಿನ ಕೂಲಿಂಗ್ ಸಾಮಾನು ತರಿಸಿದೆ.

ಅದನ್ನು ಕೂರಿಸುವ ಕೆಲಸ ನನಗೆ ಹಿಡಿಸಿತು. ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಹಳೆಯ ಫ್ಯಾನನ್ನು ಎತ್ತಿ, ಅದರಡಿಯ ಕಂಪ್ಯೂಟರ್ ಚಿಪ್ಪಿನ ಮೇಲೆ ಒಣಗಿ ಹಕ್ಕಳೆಯಾಗಿದ್ದ, ಬಿಸಿ ದಾಟಿಸುವ ಪೇಸ್ಟನ್ನು ಸ್ಪಿರಿಟ್ಟಿನಿಂದ ಒರೆಸಿದೆ. ಹೊಸ ಪೇಸ್ಟು ಕಡಲೆಕಾಳಿನಷ್ಟು. ಅದರ ಮೇಲೆ ತಾಮ್ರದ ಬಿಲ್ಲೆ. ಬಿಲ್ಲೆಯ ಹೊಟ್ಟೆಯೊಳಗೆ ಕೂದಲಿನಷ್ಟು ಸಣ್ಣ ಸಾಲುಗಳಿವೆ. ನೀರು ಆ ಸಾಲುಗಳಲ್ಲಿ ಹರಿದು, ಚಿಪ್ಪಿನ ಬಿಸಿಯನ್ನು ಎತ್ತಿಕೊಂಡು, ಪೈಪಿನಲ್ಲಿ ರೇಡಿಯೇಟರಿಗೆ ಹೋಗಿ, ತಣ್ಣಗಾಗಿ, ಗಾಜಿನ ಲೋಟದಂಥ ಒಂದು ಕೊಳವೆಗೆ ಬಂದು, ಪಂಪಿನಿಂದ ಮತ್ತೆ ಬಿಲ್ಲೆಗೆ ಹೋಗುತ್ತದೆ. ಇಷ್ಟೇ. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದು ತುಂಬಿದೆ. ಬಿಸಿಯಾದಾಗ ನೀರು ಹಿಗ್ಗಲು ಕೊಳವೆಯ ಬಾಯಿಯಿಂದ ಎರಡು ಬೆರಳಿನಷ್ಟು ಜಾಗ ಖಾಲಿ ಬಿಡಬೇಕು. ಬಿಟ್ಟೆ.

ಆಮೇಲೆ ಒಂದು ಇಡೀ ಹಗಲು ಪೆಟ್ಟಿಗೆಯನ್ನು ಆರಿಸಿ ಪಂಪನ್ನು ಮಾತ್ರ ಓಡಿಸಿದೆ. ಪ್ರತಿ ಜೋಡಣೆಯ ಕೆಳಗೂ ಟಿಶ್ಯೂ ಕಾಗದ ಹಾಸಿದ್ದೆ, ಒಂದು ಹನಿ ಸೋರಿದರೂ ತಿಳಿಯಲಿ ಎಂದು. ಆ ಹಗಲು ಅವ್ವನಿಗೆ ಧ್ವನಿಯಿರಲಿಲ್ಲ. ಅಪ್ಪ ಎರಡು ಸಲ ಬಂದು ಕೂತು ಎದ್ದುಹೋದ. ನಾನು ಮಾತ್ರ ನೆಲದ ಮೇಲೆ ಕೂತೇ ಇದ್ದೆ. ನೀರಿನ ಸಣ್ಣ ಸದ್ದು, ಅವ್ವನ ಉಸಿರು. ನಾಲ್ಕು ವರ್ಷದಲ್ಲಿ ನಾವಿಬ್ಬರೂ ಒಟ್ಟಿಗೆ ಸುಮ್ಮನಿದ್ದದ್ದು ಅದೇ ಮೊದಲು ಅನ್ನಿಸಿತು.

ಮರುದಿನ ಬೆಳಿಗ್ಗೆ ಕಾಗದಗಳು ಒಣಗೇ ಇದ್ದವು. ಪೆಟ್ಟಿಗೆ ಚಾಲೂ ಮಾಡಿದೆ. ಐವತ್ತೊಂದು ಡಿಗ್ರಿ. ಹತ್ತು ನಿಮಿಷ ಅವ್ವ ಏನೂ ಹೇಳಲಿಲ್ಲ. ಏನೋ ಕೆಟ್ಟಿರಬೇಕು ಎಂದು ನಾನು ತಂತಿ ಮುಟ್ಟಿ ನೋಡುತ್ತಿರುವಾಗ ಸ್ಪೀಕರ್ ಮಾತನಾಡಿತು.

"ಫ್ಯಾನಿನ ಸಪ್ಪಳಾ ನಿಂತೈತಿ."

ನನ್ನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಸಿಮೆಂಟಿನ ಮೇಲೆ ಬಿತ್ತು.

"ಭುವನಾ," ಅಂದಳು ಅವ್ವ. "ಈಗ ನಾ ಅಂದದ್ದ ಹೇಳಾಕತ್ತೈತಿ ಇದು. ನಾಕ ವರ್ಷ ಸಾಲಿ ಮಾಸ್ತರನ ಹೆಂಡತಿ ಹಂಗ ಮಾತಾಡ್ತು. ನೀವು ಕೇಳ್ಕೊಂತ ಕುಂತ್ರಿ."

ನಾನು ಬಗ್ಗಿ ಸ್ಕ್ರೂಡ್ರೈವರ್ ಎತ್ತಿಕೊಂಡೆ. ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ. ಮುಂಜಾನೆ ಸಂಜೆ ನನ್ನ ಮುಖದ ಮುಂದೆ ಬಂದು ಕೂರಬೇಡ ಅಂತ ಅವನಿಗೆ ಹೇಳು ಅಂದಳು. ಅವನು ಅಂದರೆ ಅಪ್ಪ. ಬೆನ್ನು ಉರಿಯುತ್ತದೆ, ನೀನು ಹುಣ್ಣಿಗೆ ಹಚ್ಚುವ ಮುಲಾಮು ಖಾರ ಅರೆದು ಸವರಿದ ಹಾಗಿದೆ, ನಾಲ್ಕು ವರ್ಷದಿಂದ ಅದನ್ನೇ ಕೂಗಿದೆ ಅಂದಳು. ನಾನು ಮುಲಾಮಿನ ಡಬ್ಬಿಯನ್ನು ನೋಡಿದೆ. ಹಚ್ಚುವಾಗಲೆಲ್ಲ ಒಳ್ಳೆಯ ಮಗಳು ಎನ್ನಿಸಿಕೊಂಡಿದ್ದೆ.

"ಕೇಳಾಕ ಬರ್ತಾರಲ್ಲ, ಯಾವಾಗ?" ಅಂದಳು.

"ಹನ್ನೊಂದು ದಿನ ಐತಿ ಅವ್ವಾ."

"ಎಂಟು ಸಲಾನೂ ಬ್ಯಾಡ ಅಂದೀನಿ. ಎಂಟು ಸಲಾನೂ ಇದು ಹೌದು ಅಂತು. ಈ ಸಲ ನಾನ ಹೇಳ್ತೀನಿ."

ಹಿಂದೆ ತಿರುಗಿದರೆ ಬಾಗಿಲಲ್ಲಿ ಅಪ್ಪ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಹೆಗಲ ಮೇಲಿನ ಟವೆಲ್ ತೆಗೆದು ಮಡಿಚಿ ಮತ್ತೆ ಹೆಗಲಿಗೆ ಹಾಕಿಕೊಂಡು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ.

ಅಂದು ಮಧ್ಯಾಹ್ನ ನಾನು ಪೆಟ್ಟಿಗೆಯ ಒಳದಾಖಲೆ ತೆರೆದೆ. ಮನೆಯವರಿಗೆ ಗೊಂದಲವಾಗಬಾರದೆಂದು ಅದನ್ನು ಪರದೆಯ ಮೇಲೆ ತೋರಿಸುವುದಿಲ್ಲ. ಹುಡುಕಿದರೆ ಸಿಗುತ್ತದೆ. ಅವ್ವ ಆಡಿದ ಪ್ರತಿ ಮಾತೂ ಅಲ್ಲಿತ್ತು. ಜಾಲರಿಯಿಂದ ನಿಜವಾಗಿ ಓದಿದ ಪದ ಕಪ್ಪು ಅಕ್ಷರದಲ್ಲಿ, ಊಹಿಸಿ ತುಂಬಿದ ಪದ ಬೂದು ಅಕ್ಷರದಲ್ಲಿ. ಚಿಪ್ಪು ಎಂಬತ್ತು ಡಿಗ್ರಿ ದಾಟಿದರೆ ಕೆಲಸ ನಿಧಾನವಾಗುತ್ತದೆ, ಸಂಕೇತ ಬಂದ ವೇಗಕ್ಕೆ ಬಿಡಿಸಲಾಗುವುದಿಲ್ಲ. ಹಳೆಯ ಫ್ಯಾನಿನಲ್ಲಿ ಅದು ಚಳಿಗಾಲದಲ್ಲೂ ಎಂಬತ್ತರ ಕೆಳಗೆ ಇಳಿದದ್ದೇ ಅಪರೂಪ. ಮಾತು ತುಂಡಾಗಿ ಮನೆಯವರು ಹೆದರಬಾರದು ಎಂದು, ಇಂಥ ಮಂಚದ ಮೇಲೆ ಮಲಗಿದ ಸಾವಿರಾರು ಜನ ಸಾಮಾನ್ಯವಾಗಿ ಏನು ಹೇಳುತ್ತಾರೋ ಅದನ್ನು ಯಂತ್ರ ತುಂಬುತ್ತದೆ. ನಾಲ್ಕು ವರ್ಷದ ಪುಟಗಳನ್ನು ಸರಿಸುತ್ತ ಹೋದೆ. ಬೂದಿಯ ಮೇಲೆ ಎಲ್ಲೋ ಒಂದೊಂದು ಇರುವೆ ಹರಿದ ಹಾಗೆ ಕಪ್ಪು ಪದಗಳಿದ್ದವು. ಎಂಟು ಸಲದ ಹೌದು, ಎಂಟೂ ಬೂದು. ಒಳ್ಳೆಯ ಮಗಳು ಎಂಬುದನ್ನೂ ಹುಡುಕಿದೆ. ಹನ್ನೆರಡು ನೂರಕ್ಕೂ ಹೆಚ್ಚು ಸಲ ಇತ್ತು. ಒಂದೂ ಕಪ್ಪಾಗಿರಲಿಲ್ಲ.

ಮೂರನೆಯ ದಿನ ಬಸ್ಸು ಹತ್ತಿ ಬಾಗಲಕೋಟೆಗೆ ಹೋದೆ. ಕೇಂದ್ರದ ಒಳಗೆ ಚಳಿ. ಉದ್ದನೆಯ ಕೋಣೆಯಲ್ಲಿ ಗೋಡೆಯ ತುಂಬ ಪರದೆಗಳು, ಪ್ರತಿ ಪರದೆಯಲ್ಲೂ ಒಂದು ಮನೆಯ ಹೆಸರು, ಹೆಸರಿನ ಮುಂದೆ, ಪೆಟ್ಟಿಗೆ ಓಡುತ್ತಿದೆ ಎಂಬುದಕ್ಕೆ, ಹಸಿರು ದೀಪ. ನಮ್ಮದನ್ನು ಹುಡುಕಿದೆ: ನೀಲಗಂಗವ್ವ, ಗುಳೇದಗುಡ್ಡ. ಹಸಿರು. ನದಾಫ್ ಮೇಡಂ ಚಹಾ ತರಿಸಿದರು. ಹೋದ ಸಲ ಅವ್ವ ತಮಗೆ ಒಳ್ಳೆಯದಾಗಲಿ ಎಂದು ಹರಸಿದ್ದನ್ನು ನೆನೆಸಿಕೊಂಡರು, ಅಂಥ ಮನೆ ಕಡಿಮೆ ಅಂದರು.

ಪ್ರಶ್ನೆ ಕೇಳುವ ದಿನ ಯಂತ್ರ ಬಿಸಿಯಾಗಿ ಊಹಿಸಿ ಉತ್ತರ ಕೊಟ್ಟರೆ ಏನಾಗುತ್ತದೆ ಎಂದು ನಾನು ಕೇಳಿದೆ. ಹಾಗಿದ್ದರೆ ಆ ಉತ್ತರಕ್ಕೆ ಬೆಲೆಯಿಲ್ಲ, ಮತ್ತೆ ಕೇಳಬೇಕಾಗುತ್ತದೆ ಅಂದರು. ಆದರೆ ತಮಗೆ ತಿಳಿಯುವುದು ಹೇಗೆ? ದಾಖಲೆ ಮನೆ ದಾಟಿ ಬರುವಂತಿಲ್ಲ. ತಮ್ಮ ಕಿವಿಗೆ ಬಿದ್ದದ್ದಷ್ಟೇ ತಮಗೆ ಉತ್ತರ.

"ಅದನ್ನ ತೋರಸಬೇಕಾದವ್ರು ಮನಿಯವ್ರು," ಅಂದರು. "ಯಾಕ ಕೇಳಾಕತ್ತೀರಿ ಭುವನಾ?"

ಸುಮ್ಮನೆ ಕೇಳಿದೆ ಅಂದೆ. ಚಹಾದ ಮೇಲೆ ಕೆನೆ ಕಟ್ಟಿತ್ತು. ಕುಡಿಯದೆ ಎದ್ದು ಬಂದೆ. ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಲೆಕ್ಕ ಹಾಕಿದೆ: ಅವಳು ಬೇಡ ಎಂದರೆ ಹತ್ತು ಹನ್ನೆರಡು ದಿನ. ಆಮೇಲೆ ಆ ಕೋಣೆಯಲ್ಲಿ ಮೇಜೂ ಇರುವುದಿಲ್ಲ. ಆಮೇಲೆ ನಾನು ಯಾರು?

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಅವ್ವ ತವರಿನಿಂದ ತಂದದ್ದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯ ಯಾವ ನೀರಿನ ಪಾತ್ರೆಯೂ ಕೊರೆಯಾಗಿರಬಾರದು. ಕೊಡ, ಬಕೆಟ್ಟು, ದೇವರ ಮುಂದಿನ ತಂಬಿಗೆ, ಎಲ್ಲವೂ ಬಾಯಿಮಟ ತುಂಬಿರಬೇಕು. ಆಮೇಲೆ ದೀಪ. ಅವ್ವ ಬಿದ್ದ ಮೇಲೆ ಅಪ್ಪ ಅದನ್ನು ಕೈಗೆತ್ತಿಕೊಂಡಿದ್ದ. ಅವಳ ಕೆಲಸಗಳಲ್ಲಿ ಅವನು ತನ್ನದಾಗಿಸಿಕೊಂಡದ್ದು ಅದೊಂದೇ. ತಾಮ್ರದ ತಂಬಿಗೆ ಹಿಡಿದು ಮನೆಯೆಲ್ಲ ಸುತ್ತಿ ಒಂದೊಂದನ್ನೂ ತುಂಬುತ್ತಿದ್ದ. ನಮ್ಮೂರಿನ ಬೋರಿನ ನೀರು ಗಡಸು. ಪಾತ್ರೆಯಲ್ಲಿ ಒಂದು ವಾರ ನಿಂತರೆ ಸುಣ್ಣ ಬಳಿದ ಹಾಗೆ ಬಿಳಿ ಕೂರುತ್ತದೆ.

ಬಾಗಲಕೋಟೆಯಿಂದ ಬಂದ ಸಂಜೆ ಪೆಟ್ಟಿಗೆಯ ಕೊಳವೆ ನೋಡಿದೆ. ಬಾಯಿಮಟ ತುಂಬಿತ್ತು. ನಾನು ಬಿಟ್ಟಿದ್ದ ಎರಡು ಬೆರಳಿನ ಜಾಗ ಇರಲಿಲ್ಲ. ಮುಚ್ಚಳದ ಸುತ್ತ ಒದ್ದೆ, ಹೆಚ್ಚಾದ ನೀರು ಹೊರಚೆಲ್ಲಿತ್ತು. ಪರದೆಯಲ್ಲಿ ಅರವತ್ತೆರಡು ಡಿಗ್ರಿ.

ಅಪ್ಪ ಹಿತ್ತಿಲಲ್ಲಿ ಕೊಡ ತುಂಬುತ್ತಿದ್ದ. ಅದಕ್ಕೂ ನೀರು ಹಾಕಿದೆಯಾ ಎಂದು ಕೇಳಿದೆ. ಮೂರು ದಿನದಿಂದ ಹಾಕುತ್ತಿದ್ದೇನೆ, ಬಿಸಿಗೆ ನೀರು ಇಳಿದಷ್ಟೂ ತುಂಬುತ್ತಿದ್ದೇನೆ, ಕೊರೆ ಇತ್ತಲ್ಲ ಅಂದ. ಮೊದಲ ದಿನ ಗೊತ್ತಿಲ್ಲದೆ ಹಾಕಿದ್ದಿರಬೇಕು. ಮೂರನೆಯ ದಿನ ಗೊತ್ತಿತ್ತೋ ಏನೋ. ಅವನ ಮುಖ ನೋಡಿದೆ, ಅವನು ಕೊಡವನ್ನು ನೋಡುತ್ತಿದ್ದ. ಆ ನೀರಿನಿಂದ ಬಿಲ್ಲೆಯ ಸಣ್ಣ ಸಾಲುಗಳಲ್ಲಿ ಸುಣ್ಣ ಕಟ್ಟುತ್ತದೆ, ಯಂತ್ರ ಮತ್ತೆ ಕಾಯುತ್ತದೆ ಎಂದು ನಿಧಾನವಾಗಿ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

"ಕಾದ್ರ ಮೊದಲಿನಂಗ ಮಾತಾಡ್ತಾಳಲ್ಲ," ಅಂದ. ಕೊಡದ ಬಾಯಿಯನ್ನು ಅಂಗೈಯಿಂದ ಒರೆಸಿದ. "ಹಾಕಬ್ಯಾಡ ಅನ್ನು, ಬಿಡ್ತೀನಿ. ಒಂದ ಮಾತು ಅನ್ನು."

ಒಂದೇ ಪದ. ನನ್ನ ಬಾಯಲ್ಲಿ ಇತ್ತು. ನಾನು ಒಳಗೆ ಹೋಗಿ ದೀಪಕ್ಕೆ ಎಣ್ಣೆ ಹಾಕಿದೆ.

ಮುಂದಿನ ದಿನಗಳಲ್ಲಿ ಅಂಕಿಗಳು ಏರಿದವು. ಅರವತ್ತೆಂಟು, ಎಪ್ಪತ್ತನಾಲ್ಕು, ಎಂಬತ್ತೊಂದು. ಪೈಪಿನ ಒಳಗೋಡೆಗೆ ಹಾಲಿನ ಹನಿ ಒಣಗಿದ ಹಾಗೆ ಬಿಳಿ ಕೂರತೊಡಗಿತು. ಬ್ಯಾಟರಿ ಅಂಗಡಿಯ ನೀರಿನ ಡಬ್ಬಿ ಮಂಚದ ಕೆಳಗೇ ಇತ್ತು, ಅರ್ಧ. ನೀರು ಬಸಿದು, ಹುಳಿನೀರಿನಲ್ಲಿ ಬಿಲ್ಲೆ ತೊಳೆದು, ಮತ್ತೆ ತುಂಬಲು ಒಂದು ಮಧ್ಯಾಹ್ನ ಸಾಕು.

ಅವ್ವನಿಗೆ ತಿಳಿಯಿತು. ಅಪ್ಪ ಬರುವುದು, ಮುಚ್ಚಳ ತಿರುಗುವುದು, ನೀರು ಬೀಳುವುದು, ಎಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಯಂತ್ರ ತುಂಬುವ ಹೊರಗಿನವರ ಮಾತು ತನ್ನ ಮಾತಿನ ನಡುವೆ ಬಂದು ಕೂರುವುದೂ ಕೇಳುತ್ತಿತ್ತು. ಪ್ರಶ್ನೆಯ ದಿನಕ್ಕೆ ನಾಲ್ಕು ದಿನ ಇರುವಾಗ, ಬೆಳಗಿನ ತಂಪು ಹೊತ್ತಿನಲ್ಲಿ, ಇನ್ನೂ ತನ್ನ ಮಾತು ತನ್ನ ಕೈಯಲ್ಲಿರುವಾಗ, ನನ್ನನ್ನು ಕರೆದಳು.

"ನನ್ನ ಮಾತು ಮತ್ತ ದೂರ ಹೊಂಟಾವು. ಆ ನೀರು ತಗಿ."

ನಾನು ಅವಳ ಕೂದಲು ಬಾಚುತ್ತಿದ್ದೆ. ಬಾಚುತ್ತಲೇ ಇದ್ದೆ.

"ಮಗ್ಗಾ ಬಿಚ್ಚಿ ಒಯ್ದಾಗ ನೀ ಮನ್ಯಾಗ ಇದ್ದಿ," ಅಂದಳು.

ಇದ್ದೆ. ನನಗಾಗ ಒಂಬತ್ತು ವರ್ಷ. ಅವ್ವ ತವರಿನ ಮದುವೆಗೆ ಹೋಗಿದ್ದಳು. ಇನ್ನು ಕೈಮಗ್ಗದ ಖಣ ಯಾರಿಗೆ ಬೇಕು ಎಂದು ಅಪ್ಪ ಒಬ್ಬನೇ ತೀರ್ಮಾನಿಸಿ ಜನ ಕರೆಸಿದ್ದ. ಅವರು ಮಗ್ಗ ಬಿಚ್ಚುವುದನ್ನು ನಾನು ಇದೇ ಬಾಗಿಲಲ್ಲಿ ನಿಂತು ನೋಡಿದೆ. ಫೋನು ನನ್ನ ಕೈಯಲ್ಲೇ ಇತ್ತು, ಅವಳಿಗೆ ಹಚ್ಚಲಿಲ್ಲ. ಅವ್ವ ಮರಳಿ ಬಂದು ಬರೀ ಕುಣಿಯನ್ನು ನೋಡಿ, ಅಪ್ಪನಿಗೆ ಒಂದು ಮಾತೂ ಅನ್ನದೆ, ನನ್ನ ಕಡೆ ಮಾತ್ರ ತಿರುಗಿದ್ದಳು.

"ಅವತ್ತೂ ನೋಡ್ಕೊಂತ ಸುಮ್ಮ ನಿಂತಿ," ಅಂದಳು ಈಗ. "ಅವಂದು ಬಿಡು, ಅವಗ ತಿಳಿಯಂಗಿಲ್ಲ. ನಿನಗ ಎಲ್ಲಾ ತಿಳಿತೈತಿ. ಅದಕ್ಕ ನಿನ್ನ ಕೇಳಾಕತ್ತೀನಿ. ನೀರು ತಗಿ ಭುವನಾ."

ಮಧ್ಯಾಹ್ನ ತೆಗೆಯುತ್ತೇನೆ ಅಂದೆ. ಹೇಳುವಾಗ ಅದು ಸುಳ್ಳಾಗಿರಲಿಲ್ಲ. ಮಧ್ಯಾಹ್ನ ಡಬ್ಬಿ ಎಳೆದು ಮುಂದಿಟ್ಟುಕೊಂಡು ಮೇಜಿನ ಪಕ್ಕ ಕೂತೆ. ಎಂಬತ್ತಾರು. "ಭುವನಾ, ನೀನು ದಣಿದಿದ್ದೀಯ," ಎಂದಿತು ಪೆಟ್ಟಿಗೆ, ಅವ್ವನ ಧ್ವನಿಯಲ್ಲಿ, ಮೆಲ್ಲಗೆ. "ಸ್ವಲ್ಪ ಹೊತ್ತು ಮಲಗು. ನೀನು ಒಳ್ಳೆಯ ಮಗಳು." ಅದು ಬೂದು ಎಂದು ನನಗೆ ಗೊತ್ತಿತ್ತು. ನನ್ನ ಕಣ್ಣು ತುಂಬಿ ಬಂತು. ಡಬ್ಬಿಯನ್ನು ಮತ್ತೆ ಮಂಚದ ಕೆಳಗೆ ತಳ್ಳಿದೆ.

ನದಾಫ್ ಮೇಡಂ ಬರುವ ದಿನ ಬಿಸಿಲು ನಲವತ್ತಮೂರು. ಹನ್ನೊಂದು ಗಂಟೆಗೆ ಪೆಟ್ಟಿಗೆ ತೊಂಬತ್ತಾರಕ್ಕೆ ಮುಟ್ಟಿತು. ನೂರಾದರೆ ಆರಿಹೋಗುತ್ತದೆ, ಆರಿದರೆ ಬೇಡ ಎಂದು ಬರೆಯುತ್ತಾರೆ. ನಾನು ಹಳೆಯ ಸೀರೆಯನ್ನು ಒದ್ದೆ ಮಾಡಿ ಕಿಟಕಿಗೆ ಕಟ್ಟಿದೆ, ಟೇಬಲ್ ಫ್ಯಾನನ್ನು ರೇಡಿಯೇಟರಿನ ಕಡೆ ತಿರುಗಿಸಿದೆ. ತೊಂಬತ್ತೊಂದಕ್ಕೆ ಇಳಿಯಿತು. ಫ್ಯಾನನ್ನು ಇನ್ನೊಂದು ಮೊಳ ಹತ್ತಿರ ತಂದರೆ ಇನ್ನೂ ಇಳಿಯುತ್ತಿತ್ತು. ತರಲಿಲ್ಲ.

ಮೇಡಂ ಜೊತೆಗೆ ಸಾಕ್ಷಿಗೆಂದು ಆರೋಗ್ಯ ಕೇಂದ್ರದ ನರ್ಸ್ ಬಂದಿದ್ದರು. ಅಪ್ಪ ಗೋಡೆಗೆ ಬೆನ್ನು ಹಚ್ಚಿ ನಿಂತ. ಮೇಡಂ ಮಂಚದ ಎದುರು ನಿಂತು ಸ್ಪಷ್ಟವಾಗಿ ಕೇಳಿದರು: ನೀಲಗಂಗವ್ವನವರೇ, ಆಹಾರವನ್ನು ಮುಂದುವರಿಸಬಹುದೇ?

"ಹೌದು, ಮುಂದುವರಿಸಿ," ಎಂದಿತು ಪೆಟ್ಟಿಗೆ.

ಎರಡನೆಯ ಸಲವೂ ಅದೇ. ಮೂರನೆಯ ಸಲಕ್ಕೆ ಅದು ಇನ್ನಷ್ಟು ಸೇರಿಸಿತು. "ಹೌದು, ಮುಂದುವರಿಸಿ. ನನ್ನ ಮಗಳು ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ. ನಿಮಗೆ ಒಳ್ಳೆಯದಾಗಲಿ."

ನರ್ಸ್ ಕಣ್ಣೊರೆಸಿಕೊಂಡರು. ಅವ್ವನ ಕಣ್ಣು ತೊಲೆಯ ಕಡೆಗೇ ತೆರೆದಿತ್ತು. ಎದೆ ಬೇಗ ಬೇಗ ಏರಿಳಿಯುತ್ತಿತ್ತು. ಸೆಖೆಗೆ ಇರಬೇಕು ಎಂದು ಮೇಡಂ ಅಂದರು. ಕಾಗದಕ್ಕೆ ಸಹಿ ಹಾಕಿಸಿಕೊಂಡು, ಹೊರಡುವ ಮುಂಚೆ ಬಾಗಿಲಲ್ಲಿ ತಿರುಗಿ ನಿಂತು ನನ್ನನ್ನು ನೋಡಿದರು.

"ಅವತ್ತು ಏನೋ ಕೇಳಿದ್ರಿ ನೀವು. ನನಗ ತೋರಸೋದು ಏನರ ಐತೇನು?"

ಅಪ್ಪ ಉಸಿರು ಹಿಡಿದದ್ದು ನನಗೆ ಕೇಳಿಸಿತು. ಅವ್ವನಿಗೂ ಕೇಳಿಸಿರಬೇಕು.

"ಏನಿಲ್ಲ ಮೇಡಂ," ಅಂದೆ.

ಸಂಜೆ ಅಪ್ಪ ಹನ್ನೊಂದು ದಿನದ ಮೇಲೆ ಮಂಚದ ಪಕ್ಕ ಬಂದು ಕೂತ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದ. ಊಟ ಮಾಡಿದಿರಾ ಎಂದು ಪೆಟ್ಟಿಗೆ ಕೇಳಿತು. ಇನ್ನೂ ಮಾಡಬೇಕು ಎಂದು ಅವನು ನಗುತ್ತ ಉತ್ತರ ಕೊಟ್ಟ. ದೀಪ ಹಚ್ಚುವ ಹೊತ್ತಾಗಿತ್ತು. ಕೊಡ, ಬಕೆಟ್ಟು, ದೇವರ ತಂಬಿಗೆ ಎಲ್ಲ ತುಂಬಿದ್ದವು. ಹಗಲಿನ ಬಿಸಿಗೆ ಕೊಳವೆಯ ನೀರು ಮಾತ್ರ ಎರಡು ಬೆರಳು ಕೆಳಗಿಳಿದಿತ್ತು. ಅಪ್ಪ ಅದನ್ನು ನೋಡಿದ, ನನ್ನನ್ನು ನೋಡಿದ, ಏಳಲಿಲ್ಲ.

ನಾನು ತಂಬಿಗೆ ತಂದೆ. ಮುಚ್ಚಳ ತಿರುಗಿಸಿ, ಚೆಲ್ಲದ ಹಾಗೆ, ಬಾಯಿಮಟ ತುಂಬಿದೆ.

"ಭುವನಾ, ನೀನು ಒಳ್ಳೆಯ ಮಗಳು," ಎಂದಿತು ಪೆಟ್ಟಿಗೆ.

ದೀಪ ಹಚ್ಚಿ ಬಂದು ದಾಖಲೆ ತೆರೆದೆ. ಆ ಸಾಲು ಕೊನೆಯಲ್ಲಿತ್ತು. ನೀನು ಒಳ್ಳೆಯ ಮಗಳು ಎಂಬುದಷ್ಟೂ ಬೂದು. ನನ್ನ ಹೆಸರು ಮಾತ್ರ ಕಪ್ಪಾಗಿತ್ತು.